ಸಿಮ್ಯುಲೇಟರ್‌ನಲ್ಲಿ ಸೀರಿಯಲ್ ಪೋರ್ಟ್: ಬೈಟ್ ತಲುಪಿದರೆ ಸಾಲದು

ಪುಣೆಯಲ್ಲಿ ಕನ್ನಡ ಬಲ್ಲ ಎಂಬೆಡೆಡ್ ಇಂಜಿನಿಯರುಗಳು, ವಿದ್ಯಾರ್ಥಿಗಳು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯವರೇ ಜಾಸ್ತಿ. ಕೆಲವರು ಸಿ-ಡ್ಯಾಕ್‌ನಲ್ಲಿ ಎಂಬೆಡೆಡ್ ಡಿಪ್ಲೊಮಾ ಮಾಡುತ್ತಿದ್ದೀರಿ. ಕೆಲವರು ಭೋಸರಿ, ಚಾಕಣ್, ಹಿಂಜವಡಿಯಲ್ಲಿ ಕೆಲಸದಲ್ಲಿದ್ದೀರಿ. ಬೋರ್ಡು, ಸೆನ್ಸರು ಬೇಕಾದರೆ ಬುಧವಾರ ಪೇಠದ ತಾಪಕೀರ್ ಗಲ್ಲಿಗೆ ಹೋಗುತ್ತೀರಿ. ಆದರೆ ನಮ್ಮಲ್ಲಿ ತುಂಬಾ ಜನರ ಕೋಡ್ ಬೋರ್ಡ್ ಮುಟ್ಟುವ ಮೊದಲು ಸಿಮ್ಯುಲೇಟರ್‌ನಲ್ಲಿ, ಅಂದರೆ ಚಿಪ್‌ನ ಹಾಗೆ ನಡೆದುಕೊಳ್ಳುವ ಸಾಫ್ಟ್‌ವೇರ್‌ನಲ್ಲಿ, ಓಡಿರುತ್ತದೆ. ಕಾಲೇಜಿನಲ್ಲಿ ಪ್ರೋಟಿಯಸ್, ಕೀಲ್. ಮನೆಯಲ್ಲಿ ಬ್ರೌಸರ್ ಒಳಗೇ ಓಡುವ ವೊಕ್ವಿ. ಆಫೀಸಿನಲ್ಲಿ ಕ್ಯೂಇಎಂಯು, ರೆನೋಡ್, ಸಿಮ್‌ಎವಿಆರ್.

ಚಿಪ್ ಹೊರಗಿನ ಸಾಧನಗಳ ಜೊತೆ ಒಂದೊಂದೇ ಬಿಟ್ ಕಳಿಸಿ ಮಾತಾಡುವ ಸೀರಿಯಲ್ ಪೋರ್ಟ್‌ಗಳು, ಅಂದರೆ ಯೂಆರ್ಟ್, ಎಸ್‌ಪಿಐ, ಐ ಟು ಸಿ, ಈ ಸಿಮ್ಯುಲೇಟರ್‌ಗಳ ಒಳಗೆ ಹೇಗೆ ಕೆಲಸ ಮಾಡುತ್ತವೆ, ಹೇಗೆ ಮಾಡಬೇಕು ಅನ್ನುವುದು ಇವತ್ತಿನ ಮಾತು. ನನ್ನ ವಾದ ಒಂದೇ. ಬೈಟನ್ನು ಆ ಕಡೆಯಿಂದ ಈ ಕಡೆಗೆ ತಲುಪಿಸುವುದು ಈ ಕೆಲಸದ ಸುಲಭದ ಭಾಗ. ಸರಿಯಾದಷ್ಟು ತಡ ಮಾಡಿ ತಲುಪಿಸಬೇಕು. ನಿಜವಾದ ಚಿಪ್ ಎಲ್ಲಿ ಬೈಟ್ ಕಳೆದುಕೊಳ್ಳುತ್ತದೋ ಅಲ್ಲಿ ಸಿಮ್ಯುಲೇಟರ್ ಕೂಡ ಕಳೆದುಕೊಳ್ಳಬೇಕು. ಅದಿಲ್ಲದಿದ್ದರೆ ಕಲಿಯುವವರಿಗೆ ತಪ್ಪು ಪಾಠ ಕಲಿಸಿದ ಹಾಗೆ. ಅದರ ಬೆಲೆಯನ್ನು ಅವರು ಮುಂದೆ ಸೈಟಿನಲ್ಲಿ, ಗಿರಾಕಿಯ ಎದುರು ನಿಂತು ಕಟ್ಟಬೇಕಾಗುತ್ತದೆ.

ಮೊದಲು ಪ್ರೊಸೆಸರ್ ಭಾಗ ನೋಡೋಣ. ಅದನ್ನು ಬರೆಯುವುದು ಶ್ರಮದ ಕೆಲಸ, ಆದರೆ ಗೊಂದಲದ ಕೆಲಸವಲ್ಲ. 8051 ಮೈಕ್ರೋಕಂಟ್ರೋಲರ್‌ನಲ್ಲಿ 111 ಇನ್‌ಸ್ಟ್ರಕ್ಷನ್‌ಗಳಿವೆ. ಆರ್ಡುಯಿನೋ ಊನೋ ಬೋರ್ಡಿನಲ್ಲಿರುವ, ಎವಿಆರ್ ಕುಟುಂಬದ ಎಟಿಮೆಗಾ328ಪಿಯಲ್ಲಿ 131. ಪ್ರತಿಯೊಂದೂ ಏನು ಮಾಡುತ್ತದೆ, ಎಷ್ಟು ಸೈಕಲ್ (ಚಿಪ್‌ನ ಗಡಿಯಾರದ ಬಡಿತ) ತಗೊಳ್ಳುತ್ತದೆ ಅನ್ನುವುದೆಲ್ಲ ಪುಸ್ತಕದಲ್ಲಿ ಅಚ್ಚಾಗಿದೆ. ಕೂತು ಒಂದೊಂದಾಗಿ ಬರೆದರೆ ಮುಗಿಯುತ್ತದೆ.

ಪೆರಿಫೆರಲ್, ಅಂದರೆ ಯೂಆರ್ಟ್‌ನಂಥ ಚಿಪ್ ಒಳಗಿನ ಸಹಾಯಕ ಭಾಗ, ಹಾಗಲ್ಲ. ಪ್ರೊಸೆಸರ್ ಬೇರೇನೋ ಮಾಡುತ್ತಿರುವಾಗ ಅದು ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಅದೊಂದು ಮೆಮೊರಿ ವಿಳಾಸ, ಅಷ್ಟೇ. ಆದರೆ ಮೆಮೊರಿಯ ಹಾಗೆ ನಡೆದುಕೊಳ್ಳುವುದಿಲ್ಲ. 8051ರ ಸೀರಿಯಲ್ ಡೇಟಾ ಇರುವ ಎಸ್‌ಬಫ್ ಅನ್ನೇ ತಗೊಳ್ಳಿ. ವಿಳಾಸ ಒಂದೇ, ಒಳಗೆ ಇರುವುದು ಎರಡು ರಿಜಿಸ್ಟರ್, ಅಂದರೆ ಬೈಟ್ ಹಿಡಿದಿಡುವ ಎರಡು ಜಾಗ. ಬರೆದರೆ ಕಳಿಸುವ ರಿಜಿಸ್ಟರ್‌ಗೆ ಹೋಗುತ್ತದೆ. ಓದಿದರೆ ಬಂದ ರಿಜಿಸ್ಟರ್‌ನಿಂದ ಬರುತ್ತದೆ. 65 ಬರೆದು ತಕ್ಷಣ ಓದಿದರೆ 65 ಸಿಗಬೇಕು ಅಂತ ಏನೂ ಇಲ್ಲ. ಎವಿಆರ್‌ನ ಯುಡಿಆರ್ ಕೂಡ ಹಾಗೇ. ಜೊತೆಗೆ ಅಲ್ಲಿ ಓದುವುದೇ ಒಂದು ಕ್ರಿಯೆ. ಓದಿದ ಕೂಡಲೇ ಬಂದ ಬೈಟುಗಳ ಸಾಲಿನಲ್ಲಿ ಮುಂದಿನದು ಮುಂದಕ್ಕೆ ಬರುತ್ತದೆ, ಅದಕ್ಕೆ ಸೇರಿದ ದೋಷದ ಫ್ಲ್ಯಾಗ್‌ಗಳೂ, ಅಂದರೆ ಸ್ಥಿತಿ ಸೂಚಿಸುವ ಬಿಟ್‌ಗಳೂ, ಬದಲಾಗುತ್ತವೆ. ಅದಕ್ಕೇ ಡೇಟಾಶೀಟ್ ಹೇಳುವುದು: ಮೊದಲು ಸ್ಟೇಟಸ್ ಓದಿ, ಆಮೇಲೆ ಡೇಟಾ ಓದಿ.

ಇನ್ನು ಸಿಮ್ಯುಲೇಟರ್ ಬರೆಯುವವರೆಲ್ಲ ಮೊದಲು ಮಾಡುವ ಯೂಆರ್ಟ್ ಒಂದಿದೆ. ಯುಡಿಆರ್‌ಗೆ ಏನಾದರೂ ಬರೆದರೆ ಅದನ್ನು ಪರದೆಯ ಮೇಲೆ ಮೂಡಿಸಿಬಿಡುವುದು. ಕೋಡ್‌ನಲ್ಲಿ ಒಂದೇ ಸಾಲು. ‘ನಮಸ್ಕಾರ’ ಅಂತ ಕಳಿಸಿದರೆ ಪರದೆಯಲ್ಲಿ ‘ನಮಸ್ಕಾರ’ ಬರುತ್ತದೆ. ಅದನ್ನು ನೋಡಿದಾಗ ಆಗುವ ಖುಷಿ ಸಣ್ಣದಲ್ಲ, ಆ ಖುಷಿಯನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಅಲ್ಲಿಗೇ ನಿಂತರೆ ಏನು ಕಳೆದುಕೊಳ್ಳುತ್ತೇವೆ ಅಂತ ನೋಡೋಣ.

16 ಮೆಗಾಹರ್ಟ್ಸ್‌ನ ಎವಿಆರ್, 9600 ಬಾಡ್, ಅಂದರೆ ಸೆಕೆಂಡಿಗೆ 9600 ಬಿಟ್. ಬಾಡ್ ರಿಜಿಸ್ಟರ್‌ನಲ್ಲಿ 103 ಹಾಕುತ್ತೇವೆ ಅಲ್ವಾ? ಚಿಪ್ ಅದಕ್ಕೆ ಒಂದು ಕೂಡಿಸಿಕೊಳ್ಳುತ್ತದೆ. ಆಗ ಒಂದು ಬಿಟ್‌ಗೆ 104 ಗುಣಿಸು 16, ಅಂದರೆ 1,664 ಸೈಕಲ್. ಒಂದು ಸ್ಟಾರ್ಟ್ ಬಿಟ್, ಎಂಟು ಡೇಟಾ ಬಿಟ್, ಒಂದು ಸ್ಟಾಪ್ ಬಿಟ್. ಒಟ್ಟು ಹತ್ತು ಬಿಟ್‌ಗೆ 16,640 ಸೈಕಲ್. ಒಂದು ಬೈಟ್ ತಂತಿಯ ಮೇಲೆ ಹೋಗುವಷ್ಟರಲ್ಲಿ ಪ್ರೊಸೆಸರ್ ಸಾವಿರಾರು ಇನ್‌ಸ್ಟ್ರಕ್ಷನ್ ಮುಗಿಸಿರುತ್ತದೆ. ಒಂದೇ ಸಾಲಿನ ಯೂಆರ್ಟ್‌ನಲ್ಲಿ ಈ ಸಮಯ ಸೊನ್ನೆ.

ಸಮಯ ಸೊನ್ನೆಯಾದರೆ ಯಾವ ತಪ್ಪು ಮುಚ್ಚಿಹೋಗುತ್ತದೆ? ಭೋಸರಿ, ಚಾಕಣ್ ಕಡೆ ಕೆಲಸ ಮಾಡುವವರಿಗೆ ಗೊತ್ತಿರುವ ಉದಾಹರಣೆಯನ್ನೇ ಕೊಡುತ್ತೇನೆ. ಫ್ಯಾಕ್ಟರಿಯ ಎನರ್ಜಿ ಮೀಟರ್, ಮೋಟರ್ ಡ್ರೈವ್, ಟೆಂಪರೇಚರ್ ಕಂಟ್ರೋಲರ್ ಇವೆಲ್ಲ ಇವತ್ತಿಗೂ ಮಾತಾಡುವುದು ಮಾಡ್‌ಬಸ್ ಆರ್‌ಟಿಯು ಅನ್ನುವ ಸೀರಿಯಲ್ ಪ್ರೋಟೋಕಾಲ್‌ನಲ್ಲಿ. ಮಾಡ್‌ಬಸ್ ಅನ್ನು ಮಾಡಿಕಾನ್ ಕಂಪನಿ 1979ರಲ್ಲಿ ತಂದದ್ದು. ಕೆಳಗಿರುವ ತಂತಿ ಸಾಮಾನ್ಯವಾಗಿ ಆರ್‌ಎಸ್-485. ಎರಡೇ ತಂತಿ, ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಕಳಿಸುವಾಗ, ನಮ್ಮ ಚಿಪ್‌ಗೂ ತಂತಿಗೂ ನಡುವೆ ಇರುವ ಟ್ರಾನ್ಸ್‌ಸೀವರ್ ಚಿಪ್‌ನ ಡಿಇ (ಡ್ರೈವರ್ ಎನೇಬಲ್) ಪಿನ್ ಮೇಲೆತ್ತಬೇಕು. ಮುಗಿದ ಮೇಲೆ ಇಳಿಸಬೇಕು, ಇಲ್ಲದಿದ್ದರೆ ಎದುರಿನ ಮೀಟರ್ ಉತ್ತರ ಕೊಡಲು ಜಾಗವಿಲ್ಲ.

ಕಷ್ಟ ಇರುವುದು ‘ಮುಗಿದ ಮೇಲೆ’ ಅನ್ನುವುದರಲ್ಲಿ. ಎವಿಆರ್‌ನಲ್ಲಿ ಕಳಿಸುವ ಕಡೆ ಎರಡು ಫ್ಲ್ಯಾಗ್ ಇವೆ. ಯುಡಿಆರ್‌ಇ ಸೆಟ್ ಆದರೆ ಬಫರ್ ಖಾಲಿ, ಇನ್ನೊಂದು ಬೈಟ್ ಹಾಕಬಹುದು ಅಂತ. ಟಿಎಕ್ಸ್‌ಸಿ ಸೆಟ್ ಆದರೆ ಕೊನೆಯ ಸ್ಟಾಪ್ ಬಿಟ್ ಕೂಡ ತಂತಿಯ ಮೇಲೆ ಹೋಗಿ ಆಯಿತು ಅಂತ. ಸ್ವಾರಗೇಟ್‌ನಲ್ಲಿ ಬಸ್ ಹತ್ತಿದ್ದು ಬೇರೆ, ನಿಪ್ಪಾಣಿಯಲ್ಲಿ ಇಳಿದದ್ದು ಬೇರೆ. ಯುಡಿಆರ್‌ಇ ಹೇಳುವುದು ಹತ್ತಿದ ಸುದ್ದಿಯನ್ನು ಮಾತ್ರ.

ಮಾಡ್‌ಬಸ್ ಫ್ರೇಮಿನ, ಅಂದರೆ ಒಂದು ಸಂದೇಶದ, ಕೊನೆಯ ಎರಡು ಬೈಟ್ ಸಿಆರ್‌ಸಿ. ದಾರಿಯಲ್ಲಿ ಏನಾದರೂ ಕೆಟ್ಟಿದೆಯೇ ಅಂತ ನೋಡುವ ಸಂಖ್ಯೆ ಅದು. ಸೈಕಲ್ 5,000ದಲ್ಲಿ ಲೈನ್ ಖಾಲಿ ಇತ್ತು, ಆಗ ಸಿಆರ್‌ಸಿಯ ಮೊದಲ ಬೈಟ್ ಬರೆದಿರಿ ಅಂತ ಇಟ್ಟುಕೊಳ್ಳಿ. ಅದು ನೇರವಾಗಿ, ಬಿಟ್‌ಗಳನ್ನು ಒಂದೊಂದಾಗಿ ತಂತಿಗೆ ತಳ್ಳುವ ಶಿಫ್ಟ್ ರಿಜಿಸ್ಟರ್‌ಗೆ ಹೋಯಿತು, ಯುಡಿಆರ್‌ಇ ಮತ್ತೆ ಸೆಟ್ ಆಯಿತು. ಕೂಡಲೇ ಎರಡನೆಯದನ್ನು ಬರೆದಿರಿ. ಅದು ಬಫರ್‌ನಲ್ಲಿ ಕೂತಿತು. ಸುಮಾರು ಸೈಕಲ್ 21,640ರಲ್ಲಿ ಮೊದಲ ಬೈಟ್ ಮುಗಿದು, ಎರಡನೆಯದು ಶಿಫ್ಟ್ ರಿಜಿಸ್ಟರ್‌ಗೆ ಇಳಿಯಿತು. ಆಗ ಯುಡಿಆರ್‌ಇ ಸೆಟ್ ಆಗುತ್ತದೆ. ನಿಮ್ಮ ಕೋಡ್ ಅದನ್ನೇ ನೋಡಿ ಡಿಇ ಇಳಿಸಿಬಿಟ್ಟರೆ? ಸಿಆರ್‌ಸಿಯ ಎರಡನೇ ಬೈಟ್ ತಂತಿಗೆ ಹೋಗುವುದೇ ಇಲ್ಲ. ಅದು ಮುಗಿಯಬೇಕಿದ್ದದ್ದು 38,280ರಲ್ಲಿ. ಮೀಟರ್‌ಗೆ ಸಿಕ್ಕಿದ್ದು ತಪ್ಪು ಫ್ರೇಮ್. ಸಿಆರ್‌ಸಿ ತಪ್ಪಿದ ಫ್ರೇಮಿಗೆ ಮಾಡ್‌ಬಸ್ ಸಾಧನ ಉತ್ತರವನ್ನೇ ಕೊಡುವುದಿಲ್ಲ. ಸುಮ್ನೆ ಇರುತ್ತದೆ. ಸೈಟಿನಲ್ಲಿ ನಿಂತವರು ವೈರಿಂಗ್ ನೋಡುತ್ತಾರೆ, ಟರ್ಮಿನೇಷನ್ ರೆಸಿಸ್ಟರ್ ಬದಲಿಸುತ್ತಾರೆ, ಮೀಟರ್ ಬದಲಿಸುತ್ತಾರೆ. ತಪ್ಪು ಇದ್ದದ್ದು ಒಂದು ಫ್ಲ್ಯಾಗ್‌ನ ಹೆಸರಿನಲ್ಲಿ.

ಒಂದೇ ಸಾಲಿನ ಯೂಆರ್ಟ್‌ನಲ್ಲಿ ಈ ಕೋಡ್ ಪ್ರತಿ ಸಲವೂ ಸರಿಯಾಗಿ ಓಡುತ್ತದೆ. ಬರೆದ ಕ್ಷಣವೇ ಬೈಟ್ ಹೋಗಿರುತ್ತದೆ, ಎರಡೂ ಫ್ಲ್ಯಾಗ್ ಒಟ್ಟಿಗೇ ಸೆಟ್ ಆಗಿರುತ್ತವೆ, ಡಿಇ ಪಿನ್ ಏನಾಗಿದೆ ಅಂತ ಯಾರೂ ಕೇಳುವುದಿಲ್ಲ. ಸಿಮ್ಯುಲೇಟರ್‌ನಲ್ಲಿ ಈ ತಪ್ಪು ಹಿಡಿಯಬೇಕಾದರೆ ಮೂರು ವಿಷಯ ಬೇಕು. ಬಫರ್ ಮತ್ತು ಶಿಫ್ಟ್ ರಿಜಿಸ್ಟರ್ ಬೇರೆ ಬೇರೆ ಇರಬೇಕು. ಎರಡು ಫ್ಲ್ಯಾಗ್‌ಗೆ ಎರಡು ಬೇರೆ ಸಮಯ ಇರಬೇಕು. ಮತ್ತೆ ಆ ಟ್ರಾನ್ಸ್‌ಸೀವರ್ ಮಾದರಿ ಬೈಟ್ ಹೋಗುತ್ತಿರುವಷ್ಟೂ ಹೊತ್ತು ಡಿಇ ಪಿನ್ ನೋಡುತ್ತಿರಬೇಕು. ಟಿಎಕ್ಸ್‌ಸಿ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಇಂಟರಪ್ಟ್ ಬಳಸದಿದ್ದರೆ ಅದು ತಾನಾಗಿ ಇಳಿಯುವುದಿಲ್ಲ, ಅದರ ಜಾಗಕ್ಕೆ 1 ಬರೆದು ಇಳಿಸಬೇಕು. ಹಳೆಯ ಫ್ರೇಮಿನ ಟಿಎಕ್ಸ್‌ಸಿ ಹಾಗೇ ಉಳಿದಿದ್ದರೆ ಹೊಸ ಫ್ರೇಮ್ ಶುರುವಾಗುವ ಮೊದಲೇ ‘ಮುಗಿಯಿತು’ ಅಂತ ಕಾಣುತ್ತದೆ. ಇದನ್ನೂ ಮಾದರಿಯಲ್ಲಿ ಹಾಗೇ ಇಡಿ. 8051ರವರಿಗೆ ಇನ್ನೊಂದು ಮಾತು: ಮೋಡ್ 1ರಲ್ಲಿ, ಬೈಟ್ ಕಳಿಸಿದ್ದಾಯಿತು ಅನ್ನುವ ಟಿಐ ಫ್ಲ್ಯಾಗ್ ಸೆಟ್ ಆಗುವುದು ಸ್ಟಾಪ್ ಬಿಟ್ ಶುರುವಾಗುವಾಗ, ಮುಗಿದಾಗ ಅಲ್ಲ.

ಡಿಇ ತುಂಬಾ ತಡವಾಗಿ ಇಳಿಸಿದರೂ ತೊಂದರೆಯೇ. ಮಾಡ್‌ಬಸ್ ಆರ್‌ಟಿಯುನಲ್ಲಿ ಫ್ರೇಮ್ ಮುಗಿಯಿತು ಅಂತ ತಿಳಿಯುವುದು ಮೂರೂವರೆ ಅಕ್ಷರದಷ್ಟು ಮೌನದಿಂದ. ಅಕ್ಷರಕ್ಕೆ 11 ಬಿಟ್ ಲೆಕ್ಕ ಹಾಕಿದರೆ 9600ರಲ್ಲಿ ಅದು ಸುಮಾರು 4 ಮಿಲಿಸೆಕೆಂಡ್. ಅಷ್ಟರ ಮೇಲೂ ನೀವು ಲೈನ್ ಹಿಡಿದುಕೊಂಡಿದ್ದರೆ ಮೀಟರ್‌ನ ಉತ್ತರಕ್ಕೆ ಡಿಕ್ಕಿ. ಸಮಯವೇ ಇಲ್ಲದ ಸಿಮ್ಯುಲೇಟರ್‌ನಲ್ಲಿ ಮೌನಕ್ಕೂ ಜಾಗ ಇಲ್ಲ, ಹಾಗಾಗಿ ಮಾಡ್‌ಬಸ್‌ನ ಫ್ರೇಮ್ ಗಡಿಯೇ ಅಲ್ಲಿ ಸರಿಯಾಗಿ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿದರೆ ಸಿಮ್ಯುಲೇಟರ್ ನಿಧಾನ ಆಗುತ್ತದಲ್ಲ ಅಂತ ಕೆಲವರಿಗೆ ಅನಿಸಬಹುದು. ಪ್ರತಿ ಸೈಕಲ್‌ಗೂ ಯೂಆರ್ಟ್ ಹತ್ತಿರ ಹೋಗಿ ‘ಆಯ್ತಾ, ಆಯ್ತಾ’ ಅಂತ ಕೇಳಿದರೆ ಹೌದು, ನಿಧಾನ ಆಗುತ್ತದೆ. ಹಾಗೆ ಕೇಳಬೇಕಾಗಿಲ್ಲ. ಬೈಟ್ ಬರೆದ ಕೂಡಲೇ ಅದು ಮುಗಿಯುವ ಸೈಕಲ್ ನಮಗೆ ಗೊತ್ತು. ಆ ಸೈಕಲ್ ಬಂದಾಗ ನನ್ನನ್ನು ಕರೆ ಅಂತ ಒಂದು ಪಟ್ಟಿಯಲ್ಲಿ ಬರೆಸಿಟ್ಟರೆ ಸಾಕು. ಪಟ್ಟಿ ಸಮಯದ ಕ್ರಮದಲ್ಲಿರುತ್ತದೆ. ಪ್ರೊಸೆಸರ್ ಪಟ್ಟಿಯ ಮೊದಲ ಸಮಯದ ತನಕ ನಿಶ್ಚಿಂತೆಯಿಂದ ಓಡುತ್ತದೆ. 16,640 ಸಲ ಕೇಳುವ ಬದಲು ಒಂದು ಬೈಟ್‌ಗೆ ಒಂದೇ ಸಲದ ಕರೆ. ಸಿಮ್‌ಎವಿಆರ್‌ನಲ್ಲಿ ಇದಕ್ಕೆ ಸೈಕಲ್ ಟೈಮರ್ ಅಂತ ಹೆಸರು. ಮಿಶೆಲ್ ಪೊಲೆ ಶುರು ಮಾಡಿದ ಓಪನ್ ಸೋರ್ಸ್ ಕೆಲಸ ಅದು. ವೊಕ್ವಿಯ ಹಿಂದಿರುವ ಉರಿ ಶಾಕೆಡ್ ಅವರ ಎವಿಆರ್8ಜೆಎಸ್ ಕೂಡ ತೆರೆದ ಕೋಡೇ. ಎರಡರ ಯೂಆರ್ಟ್ ಫೈಲ್‌ಗಳೂ ದೊಡ್ಡದಿಲ್ಲ. ದಯವಿಟ್ಟು ಓದಿ. ಡೇಟಾಶೀಟ್ ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಂದು ಪೂರ್ತಿ ಕೋರ್ಸ್ ಮಾಡಿದಷ್ಟು ಕಲಿಯಬಹುದು.

ಈಗ ಬಾಡ್ ರೇಟ್. ಡಿಪ್ಲೊಮಾ ಮಾಡಿದವರು, ಇಂಜಿನಿಯರಿಂಗ್ ಮಾಡಿದವರು ಎಲ್ಲರೂ 8051ರ ಜೊತೆ 11.0592 ಮೆಗಾಹರ್ಟ್ಸ್ ಕ್ರಿಸ್ಟಲ್ ಬರೆದಿದ್ದೀರಿ. ವೈವಾದಲ್ಲಿ ‘ಯಾಕೆ ಈ ವಿಚಿತ್ರ ಸಂಖ್ಯೆ’ ಅಂತ ಕೇಳಿಸಿಕೊಂಡೂ ಇರುತ್ತೀರಿ. ಲೆಕ್ಕ ಸುಲಭ. 12ರಿಂದ ಭಾಗಿಸಿದರೆ 9,21,600. ಅದನ್ನು 32ರಿಂದ ಭಾಗಿಸಿದರೆ 28,800. ಟೈಮರ್‌ನ ಟಿಎಚ್1 ರಿಜಿಸ್ಟರ್‌ನಲ್ಲಿ ಎಫ್‌ಡಿ ಹೆಕ್ಸ್, ಅಂದರೆ 253 ಹಾಕಿದರೆ ಟೈಮರ್ ಮೂರಕ್ಕೊಮ್ಮೆ ತುಂಬುತ್ತದೆ. 28,800ನ್ನು 3ರಿಂದ ಭಾಗಿಸಿದರೆ ಸರಿಯಾಗಿ 9600.

ಅದೇ ಕೋಡನ್ನು 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿ ಓಡಿಸಿ. ಸಿಗುವುದು 10,416. ಶೇಕಡಾ 8.5ರಷ್ಟು ಜಾಸ್ತಿ. ತೆಗೆದುಕೊಳ್ಳುವವನು ಸ್ಟಾರ್ಟ್ ಬಿಟ್‌ನ ಅಂಚು ನೋಡಿ ಗಡಿಯಾರ ಹೊಂದಿಸಿಕೊಂಡು, ಪ್ರತಿ ಬಿಟ್‌ನ ನಡುವೆ ಓದುತ್ತಾನೆ. ಸ್ಟಾಪ್ ಬಿಟ್‌ನ ನಡು ಅಂದರೆ ಒಂಬತ್ತೂವರೆ ಬಿಟ್ ದೂರ. ಅಷ್ಟು ದೂರದಲ್ಲಿ ಅರ್ಧ ಬಿಟ್ ಜಾರಿದರೆ ಕೆಲಸ ಕೆಟ್ಟಿತು. ಹಾಗಾಗಿ ತಾಳಿಕೆಯ ಮಿತಿ ಕಾಗದದ ಮೇಲೆ ಶೇಕಡಾ 5ರ ಸುತ್ತ. ನಿಜದಲ್ಲಿ ಎರಡೂ ಕಡೆಯ ತಪ್ಪು ಸೇರುವುದರಿಂದ ಅದಕ್ಕಿಂತ ಕಡಿಮೆ.

8.5 ಆದರೆ ಏನಾಗುತ್ತದೆ? ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರ ಕಳಿಸಿ ನೋಡೋಣ, ಅಂದರೆ 65. ತಂತಿಯ ಮೇಲೆ ಹೋಗುವ ಕ್ರಮದಲ್ಲಿ, ಅಂದರೆ ಕೆಳಗಿನ ಬಿಟ್‌ನಿಂದ ಶುರು ಮಾಡಿ ಬರೆದರೆ ಮೊದಲನೆಯದು 1, ಆಮೇಲೆ ಐದು ಸೊನ್ನೆ, ಆಮೇಲೆ 1, ಕೊನೆಗೆ ಸೊನ್ನೆ. 9600ರಲ್ಲಿ ಕೇಳುತ್ತಿರುವವನು ಮೊದಲ ಐದು ಬಿಟ್‌ಗಳನ್ನು ಹೇಗೋ ಸರಿಯಾಗಿ ಓದುತ್ತಾನೆ. ಆರನೆಯದನ್ನು ಓದಬೇಕಾದಲ್ಲಿ ಏಳನೆಯದು ಬಂದಿರುತ್ತದೆ, ಅದು 1. ಏಳನೆಯದರ ಜಾಗದಲ್ಲಿ ಎಂಟನೆಯದು, ಅದು ಸೊನ್ನೆ. ಎಂಟನೆಯದರ ಜಾಗದಲ್ಲಿ ಸ್ಟಾಪ್ ಬಿಟ್, ಅದು 1. ಕೂಡಿಸಿ ನೋಡಿದರೆ 161. ಕಳಿಸಿದ್ದು 65, ಬಂದದ್ದು 161. ಇನ್ನೂ ಒಂದು ವಿಷಯ. ಈ ಬೈಟ್ ಒಂಟಿಯಾಗಿ ಬಂದರೆ ಫ್ರೇಮಿಂಗ್ ಎರರ್ ಕೂಡ ಬರುವುದಿಲ್ಲ, ಯಾಕೆಂದರೆ ಸ್ಟಾಪ್ ಬಿಟ್ ನೋಡುವ ಹೊತ್ತಿಗೆ ಲೈನ್ ಖಾಲಿಯಾಗಿ ಮೇಲೇ ಇರುತ್ತದೆ. ಹಿಂದೆಯೇ ಇನ್ನೊಂದು ಬೈಟ್ ಬಂದರೆ ಅದರ ಸ್ಟಾರ್ಟ್ ಬಿಟ್ ಸಿಕ್ಕಿ ಎರರ್ ಬರುತ್ತದೆ. ಇಂಥದ್ದನ್ನು ವಿದ್ಯಾರ್ಥಿಗೆ ತೋರಿಸುವ ಸಿಮ್ಯುಲೇಟರ್ ಇದ್ದರೆ ಆ ವೈವಾ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಬೇಕಾಗಿಲ್ಲ.

ಬಾಡ್ ರೇಟ್ ಹೊಂದಿಸುವ ಜಾಗವೇ ಇಲ್ಲದ ಸೀರಿಯಲ್ ವಿಂಡೋಗಳಿವೆ. ಅವು ಯಾವ ಕ್ರಿಸ್ಟಲ್ ಹಾಕಿದರೂ ‘ಎ’ಯನ್ನೇ ತೋರಿಸುತ್ತವೆ. ಪ್ರೋಟಿಯಸ್‌ನ ವರ್ಚುಯಲ್ ಟರ್ಮಿನಲ್ ಈ ವಿಷಯದಲ್ಲಿ ಒಳ್ಳೆಯದು. ಅದಕ್ಕೆ ತನ್ನದೇ ಬಾಡ್ ರೇಟ್ ಇದೆ, ಅದು ಪಿನ್ ನೋಡುತ್ತದೆ. ಎರಡೂ ಹೊಂದದಿದ್ದರೆ ಕಸದ ಅಕ್ಷರ ಬರುತ್ತದೆ. ತುಂಬಾ ವಿದ್ಯಾರ್ಥಿಗಳು ಆ ಕಸ ನೋಡಿ ಸಾಫ್ಟ್‌ವೇರ್ ಸರಿ ಇಲ್ಲ ಅಂದುಕೊಳ್ಳುತ್ತಾರೆ. ಆ ಕಸವೇ ಅದರ ಗುಣ.

ಎಲ್ಲ ಸಿಮ್ಯುಲೇಟರೂ ಬಿಟ್ ಮಟ್ಟಕ್ಕೆ ಇಳಿಯಬೇಕು ಅಂತ ನಾನು ಹೇಳುವುದಿಲ್ಲ. ಬೈಟ್ ಮಟ್ಟದಲ್ಲೇ ಇದ್ದುಕೊಂಡು ಎರಡೂ ತುದಿಯ ನಿಜವಾದ ರೇಟ್ ಹೋಲಿಸಬಹುದು. ವ್ಯತ್ಯಾಸ ಜಾಸ್ತಿ ಇದ್ದರೆ ಮಾತ್ರ ಮೇಲಿನ ಲೆಕ್ಕ ಮಾಡಿ ಕೆಟ್ಟ ಬೈಟ್ ಕೊಡಬಹುದು. ಕೋಡ್ ಕೇಳಿದ ರೇಟ್ ಎಷ್ಟು ಅನ್ನುವುದನ್ನು ಬಿಡಿ, ರಿಜಿಸ್ಟರ್‌ನಿಂದ ಹೊರಡುವ ರೇಟನ್ನು ಲೆಕ್ಕಕ್ಕೆ ತಗೊಳ್ಳಿ. 16 ಮೆಗಾಹರ್ಟ್ಸ್ ಎವಿಆರ್‌ನಲ್ಲಿ 1,15,200 ಕೇಳಿದರೆ ಸಾಮಾನ್ಯ ಮೋಡ್‌ನಲ್ಲಿ ಶೇಕಡಾ 3.5 ಕಡಿಮೆ ಸಿಗುತ್ತದೆ. ಡಬಲ್ ಸ್ಪೀಡ್ ಮೋಡ್‌ನಲ್ಲಿ ಶೇಕಡಾ 2.1 ಜಾಸ್ತಿ. ಎರಡನೆಯದು ಕೆಲಸ ಮಾಡುತ್ತದೆ, ಮೊದಲನೆಯದು ಯಾವಾಗ ಬೇಕಾದರೂ ಕೈಕೊಡಬಹುದು.

ತೆಗೆದುಕೊಳ್ಳುವ ಕಡೆಗೆ ಬರೋಣ. ಇಲ್ಲಿ ಸಿಮ್ಯುಲೇಟರ್‌ಗೂ ಹೊರಗಿನ ಲೋಕಕ್ಕೂ ಮುಖಾಮುಖಿ. ಲಿನಕ್ಸ್‌ನಲ್ಲಿ ಸ್ಯೂಡೋ ಟರ್ಮಿನಲ್ (ಸಾಫ್ಟ್‌ವೇರ್‌ನಲ್ಲೇ ಇರುವ ಸೀರಿಯಲ್ ಪೋರ್ಟ್) ಮಾಡಿಕೊಂಡು ಸಿಮ್ಯುಲೇಟರ್‌ನ ಯೂಆರ್ಟ್‌ಗೆ ನಮ್ಮ ಪೈಥಾನ್ ಸ್ಕ್ರಿಪ್ಟ್ ಜೋಡಿಸಬಹುದು. ಪ್ರೋಟಿಯಸ್‌ನ ಕಾಂಪಿಮ್ ಬಳಸಿದರೆ ಕಂಪ್ಯೂಟರ್‌ನ ನಿಜವಾದ ಪೋರ್ಟ್‌ಗೇ ಜೋಡಿಸಬಹುದು. ತುಂಬಾ ಉಪಯೋಗದ ಸೌಲಭ್ಯ. ಆದರೆ ಸ್ಕ್ರಿಪ್ಟ್ ನೂರು ಬೈಟ್ ಕಳಿಸಿದರೆ ಅವು ಸಿಮ್ಯುಲೇಟರ್ ಬಾಗಿಲಿಗೆ ಒಂದೇ ಏಟಿಗೆ ಬಂದು ಬೀಳುತ್ತವೆ. ನೂರನ್ನೂ ಅದೇ ಕ್ಷಣ ಚಿಪ್ ಒಳಗೆ ತಳ್ಳಿದರೆ ಸುಳ್ಳು ಓವರ್‌ರನ್, ಅಂದರೆ ಹಳೆಯದನ್ನು ಓದುವ ಮೊದಲೇ ಹೊಸದು ಬಂದು ಬೈಟ್ ಕಳೆದುಹೋಗುವುದು. ಚಿಪ್ ಕೇಳುವ ತನಕ ಹಿಡಿದಿಟ್ಟುಕೊಂಡು ಒಂದೊಂದೇ ಕೊಟ್ಟರೆ ಓವರ್‌ರನ್ ಎಂದೂ ಬರುವುದೇ ಇಲ್ಲ, ಅದೂ ಸುಳ್ಳೇ.

ಸರಿಯಾದ ದಾರಿ ಇದು. ಹೊರಗಿನ ಬೈಟ್‌ಗಳನ್ನು ಬಾಗಿಲಲ್ಲೇ ಸಾಲಾಗಿ ನಿಲ್ಲಿಸಿ, ಸಿಮ್ಯುಲೇಟರ್‌ನ ಗಡಿಯಾರದಲ್ಲಿ ಒಂದು ಬೈಟ್‌ಗೆ ಬೇಕಾದ ಸಮಯಕ್ಕೆ ಒಂದರಂತೆ ಒಳಗೆ ಬಿಡುವುದು. ಆಗ ಚಿಪ್ ಓದಲಿ, ಬಿಡಲಿ. ಕೋಡ್ 10 ಮಿಲಿಸೆಕೆಂಡ್‌ನ ಡಿಲೇನಲ್ಲಿ ಕೂತಿದ್ದರೆ 9600ರಲ್ಲಿ ಅಷ್ಟರಲ್ಲಿ ಒಂಬತ್ತು ಬೈಟ್ ಬಂದಿರುತ್ತವೆ. ಎವಿಆರ್‌ನಲ್ಲಿ ಎರಡು ಬಫರ್‌ನಲ್ಲಿ, ಒಂದು ಶಿಫ್ಟ್ ರಿಜಿಸ್ಟರ್‌ನಲ್ಲಿ ನಿಲ್ಲಬಹುದು. ಉಳಿದದ್ದು ಹೋಯಿತು, ಓವರ್‌ರನ್ ಸೂಚಿಸುವ ಡಿಒಆರ್ ಫ್ಲ್ಯಾಗ್ ಸೆಟ್ ಆಗುತ್ತದೆ. 8051ರಲ್ಲಿ ಆ ಫ್ಲ್ಯಾಗೂ ಇಲ್ಲ. ಬೈಟ್ ಬಂದಿದೆ ಅನ್ನುವ ಆರ್‌ಐ ಫ್ಲ್ಯಾಗ್ ಇಳಿಸದೆ ಇದ್ದರೆ ಹೊಸ ಬೈಟ್ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಸಿಮ್‌ಎವಿಆರ್ ಹೊರಗಿನವರಿಗೆ ‘ಈಗ ಕಳಿಸು’, ‘ಈಗ ನಿಲ್ಲಿಸು’ ಅನ್ನುವ ಸೂಚನೆಗಳನ್ನೂ ಇಟ್ಟಿದೆ. ಅನುಕೂಲಕ್ಕೆ ಒಳ್ಳೆಯದು. ಆದರೆ ಅದನ್ನು ಬಳಸುತ್ತಿದ್ದೀರಿ ಅಂದರೆ ಓವರ್‌ರನ್ ಪರೀಕ್ಷೆ ಮಾಡುತ್ತಿಲ್ಲ ಅಂತ ನೆನಪಿರಲಿ.

ಗಡಿಯಾರದ ವಿಷಯದಲ್ಲಿ ಇನ್ನೊಂದು ಮಾತು. ಸಿಮ್ಯುಲೇಟರ್‌ನ ಒಂದು ಸೆಕೆಂಡ್ ನಮ್ಮ ಒಂದು ಸೆಕೆಂಡ್ ಆಗಿರಬೇಕಾಗಿಲ್ಲ. ಲ್ಯಾಪ್‌ಟಾಪ್ ನಿಧಾನವಾದರೆ ಹೊರಗಿನ ಸ್ಕ್ರಿಪ್ಟ್‌ನ ಟೈಮ್‌ಔಟ್ ಮುಗಿದಿರುತ್ತದೆ, ಒಳಗೆ ಚಿಪ್ ಇನ್ನೂ ಅರ್ಧ ಉತ್ತರದಲ್ಲಿರುತ್ತದೆ. ಟೆಸ್ಟ್ ಒಮ್ಮೆ ಪಾಸು, ಒಮ್ಮೆ ಫೇಲು. ಪೋಲೆಂಡಿನ ಆಂಟ್‌ಮೈಕ್ರೋ ಕಂಪನಿಯ ರೆನೋಡ್ ಇದನ್ನು ಚೆನ್ನಾಗಿ ನಿಭಾಯಿಸುತ್ತದೆ. ಅಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಕಾಲ್ಪನಿಕ ಸಮಯ. ಎರಡು ಬೋರ್ಡ್‌ಗಳ ಯೂಆರ್ಟ್‌ಗಳನ್ನು ಸಿಮ್ಯುಲೇಟರ್ ಒಳಗೇ ಜೋಡಿಸಿದರೆ ಹೊರಗಿನ ಗಡಿಯಾರದ ಗೊಡವೆಯೇ ಇಲ್ಲ. ಫ್ಯಾಬ್ರಿಸ್ ಬೆಲ್ಲಾರ್ಡ್ 2003ರಲ್ಲಿ ಹೊರತಂದ ಕ್ಯೂಇಎಂಯು ಇರುವುದು ಬೇರೆ ಉದ್ದೇಶಕ್ಕೆ. ಸೈಕಲ್ ಲೆಕ್ಕ ಅದರ ಗುರಿಯಲ್ಲ, ವೇಗವಾಗಿ ಸಾಫ್ಟ್‌ವೇರ್ ಓಡಿಸುವುದು ಗುರಿ. ಅದರಲ್ಲಿ ಪ್ರೋಟೋಕಾಲ್‌ನ ತರ್ಕ ಪರೀಕ್ಷಿಸಿ, ಟೈಮಿಂಗ್ ಪರೀಕ್ಷಿಸಬೇಡಿ.

ಸಿಮ್ಯುಲೇಟರ್ ಬರೆಯುವವರು ಮರೆಯುವ ಒಂದು ವಿಷಯ ಡಿಬಗ್ ವಿಂಡೋ. ಮೆಮೊರಿ ತೋರಿಸುವ ಕಿಟಕಿ ತೆರೆದಿಟ್ಟರೆ ಅದು ಯುಡಿಆರ್ ವಿಳಾಸವನ್ನೂ ಓದುತ್ತದೆ. ಓದಿದರೆ ಬೈಟ್ ಹೊರಗೆ ಬರುತ್ತದೆ ಅಂತ ಮೊದಲೇ ನೋಡಿದೆವು. ಅಂದರೆ ಕಿಟಕಿ ತೆರೆದರೆ ಪ್ರೋಗ್ರಾಂ ಕೆಡುತ್ತದೆ, ಮುಚ್ಚಿದರೆ ಸರಿ ಹೋಗುತ್ತದೆ! ನಿಜವಾದ ಎಸ್‌ಟಿಎಂ32 ಚಿಪ್‌ಗೆ ಡಿಬಗರ್ ಹಾಕಿ ಯೂಆರ್ಟ್‌ನ ಡೇಟಾ ರಿಜಿಸ್ಟರ್ ನೋಡಿದರೂ ಇದೇ ಆಗುತ್ತದೆ. ಚಿಪ್‌ನಲ್ಲಿ ಅದನ್ನು ತಪ್ಪಿಸಲಾಗದು. ಸಿಮ್ಯುಲೇಟರ್‌ನಲ್ಲಿ ತಪ್ಪಿಸಬಹುದು. ಪ್ರೊಸೆಸರ್ ಓದಲು ಒಂದು ಫಂಕ್ಷನ್, ಕಿಟಕಿ ಇಣುಕಲು ಇನ್ನೊಂದು ಫಂಕ್ಷನ್. ಎರಡನೆಯದು ಏನನ್ನೂ ಬದಲಿಸಬಾರದು.

ಎಸ್‌ಪಿಐ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಲಿ ಕಳಿಸುವುದು, ಪಡೆಯುವುದು ಒಟ್ಟಿಗೇ ಆಗುತ್ತದೆ. ಎರಡು ಶಿಫ್ಟ್ ರಿಜಿಸ್ಟರ್ ಬೈಟ್ ಅದಲು ಬದಲು ಮಾಡಿಕೊಳ್ಳುತ್ತವೆ. ಗಡಿಯಾರ ಮಾಸ್ಟರ್‌ದೇ (ಮಾತು ನಡೆಸುವ ಚಿಪ್‌ನದೇ; ಅದರ ಮಾತು ಕೇಳುವುದು ಸ್ಲೇವ್) ಆದ್ದರಿಂದ ಬಾಡ್ ರೇಟ್‌ನ ಜಗಳ ಇಲ್ಲ. ಎವಿಆರ್‌ನಲ್ಲಿ ಒಂದು ಬಲೆ ಮಾತ್ರ ಇದೆ. ಸ್ಲೇವ್ ಆರಿಸುವ ಎಸ್‌ಎಸ್ ಪಿನ್ ಇನ್‌ಪುಟ್ ಆಗಿದ್ದು ಅದು ಕೆಳಗೆ ಹೋದರೆ ಚಿಪ್ ಮಾಸ್ಟರ್ ಪಟ್ಟವನ್ನು ತಾನಾಗಿಯೇ ಬಿಟ್ಟು ಸ್ಲೇವ್ ಆಗಿಬಿಡುತ್ತದೆ. ಬೈಟ್ ಮುಗಿಯಲಿ ಅಂತ ಕಾಯುವ ಕೋಡ್ ಕೊನೆಯಿಲ್ಲದೆ ಕಾಯುತ್ತಿರುತ್ತದೆ. ನಿಮ್ಮ ಮಾದರಿಯಲ್ಲಿ ಇದು ಇರಲಿ.

ಐ ಟು ಸಿ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಫಿಲಿಪ್ಸ್ 1982ರಲ್ಲಿ ಮಾಡಿದ ಬಸ್ ಇದು. ಎರಡು ತಂತಿ, ಎರಡಕ್ಕೂ ಪುಲ್-ಅಪ್ ರೆಸಿಸ್ಟರ್. ಯಾರೂ ತಂತಿಯನ್ನು ಬಲವಂತವಾಗಿ ಮೇಲೆತ್ತುವುದಿಲ್ಲ. ಕೆಳಗೆ ಎಳೆಯುತ್ತಾರೆ, ಇಲ್ಲವೇ ಬಿಡುತ್ತಾರೆ. ಒಬ್ಬರು ಎಳೆದರೂ ಸಾಕು, ತಂತಿ ಕೆಳಗೆ. ಸಿಮ್ಯುಲೇಟರ್‌ನಲ್ಲಿ ಇದನ್ನು ‘ಮಾಸ್ಟರ್ ಬರೆದ, ಸ್ಲೇವ್ ಪಡೆದ’ ಅಂತ ಫಂಕ್ಷನ್ ಕರೆಯಾಗಿ ಮಾಡಿಬಿಟ್ಟರೆ ಈ ಬಸ್ಸಿನ ಸ್ವಭಾವವೇ ಹೋಗುತ್ತದೆ. ಸ್ಲೇವ್ ಗಡಿಯಾರದ ತಂತಿ ಹಿಡಿದು ‘ತಡಿ, ತಡಿ’ ಅನ್ನುವುದು ಇರುವುದಿಲ್ಲ. ಇಬ್ಬರು ಮಾಸ್ಟರ್‌ಗಳಲ್ಲಿ ಒಬ್ಬ ಹಿಂದೆ ಸರಿಯುವುದೂ ಇರುವುದಿಲ್ಲ.

ಅಟ್ಮೆಲ್‌ನ 24ಸಿ02 ಇಇಪ್ರಾಮ್ (ಪವರ್ ಹೋದರೂ ಉಳಿಯುವ ಮೆಮೊರಿ) ನೋಡಿ, ಎಲ್ಲ ಲ್ಯಾಬ್‌ನಲ್ಲೂ ಇರುವ ಚಿಪ್. ಅದಕ್ಕೆ ಬರೆದು ಸ್ಟಾಪ್ ಕೊಟ್ಟ ಮೇಲೆ ಅದು ಒಳಗೆ ಬರೆದುಕೊಳ್ಳಲು ಕೆಲವು ಮಿಲಿಸೆಕೆಂಡ್ ತಗೊಳ್ಳುತ್ತದೆ. ಆ ಹೊತ್ತಿನಲ್ಲಿ ತನ್ನ ವಿಳಾಸ ಕರೆದರೂ ಓಗೊಡುವುದಿಲ್ಲ, ಆಕ್, ಅಂದರೆ ‘ಸಿಕ್ಕಿತು’ ಅನ್ನುವ ಸೂಚನೆ, ಕೊಡುವುದಿಲ್ಲ. ಎವಿಆರ್‌ನ ಸ್ಟೇಟಸ್‌ನಲ್ಲಿ 18 ಹೆಕ್ಸ್ ಬರಬೇಕಾದಲ್ಲಿ 20 ಹೆಕ್ಸ್ ಬರುತ್ತದೆ. ಕೋಡ್ ಅದನ್ನು ನೋಡಿ ಮತ್ತೆ ಮತ್ತೆ ಕರೆಯಬೇಕು. ಸದಾ ಆಕ್ ಕೊಡುವ ಮಾದರಿಯಲ್ಲಿ ಈ ಕಾಯುವಿಕೆ ಇಲ್ಲದ ಕೋಡೂ ಪಾಸಾಗುತ್ತದೆ. ಬೋರ್ಡ್ ಮೇಲೆ ಎರಡನೇ ಬರಹ ಮಾಯ. ಇದು ಒಂದೇ ಸಲಕ್ಕೆ ಬರೆದುಕೊಳ್ಳುವ ಪುಟ 8 ಬೈಟ್‌ನದು. ವಿಳಾಸ 6ರಿಂದ ಐದು ಬೈಟ್ ಒಟ್ಟಿಗೆ ಬರೆದರೆ ಎರಡು ಬೈಟ್ 6, 7ಕ್ಕೆ ಹೋಗಿ, ಉಳಿದ ಮೂರು 0, 1, 2ರ ಮೇಲೆ ಬೀಳುತ್ತವೆ. ಮಾದರಿಯನ್ನು ಒಂದು ಸಾದಾ ಅರೇ ಮಾಡಿ ಬರೆದವರು ಇದನ್ನು ಬಿಟ್ಟಿರುತ್ತಾರೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ರೀಸೆಟ್. ಮೈಕ್ರೋಕಂಟ್ರೋಲರ್ ಸ್ಲೇವ್‌ನಿಂದ ಓದುತ್ತಿರುವಾಗಲೇ, ಕೋಡ್ ಸಿಕ್ಕಿಹಾಕಿಕೊಂಡರೆ ಚಿಪ್ ಎಬ್ಬಿಸುವ ವಾಚ್‌ಡಾಗ್ ಟೈಮರ್ ಅದನ್ನು ರೀಸೆಟ್ ಮಾಡಿತು. ಆ ಕ್ಷಣ ಸ್ಲೇವ್ ಡೇಟಾ ತಂತಿಯಲ್ಲಿ ಸೊನ್ನೆ ಹಿಡಿದಿತ್ತು. ಸ್ಲೇವ್‌ಗೆ ರೀಸೆಟ್ ಆಗಿಲ್ಲ, ಅದು ಮುಂದಿನ ಗಡಿಯಾರಕ್ಕೆ ಕಾಯುತ್ತಾ ತಂತಿ ಹಿಡಿದುಕೊಂಡೇ ಕೂತಿದೆ. ಮೈಕ್ರೋಕಂಟ್ರೋಲರ್ ಮತ್ತೆ ಎದ್ದು ಸ್ಟಾರ್ಟ್ ಕೊಡಲು ನೋಡಿದರೆ ತಂತಿ ಖಾಲಿಯೇ ಇಲ್ಲ. ಪವರ್ ತೆಗೆದು ಹಾಕುವ ತನಕ ಸಾಧನ ಸತ್ತ ಹಾಗೆ. ಮದ್ದು ಗೊತ್ತಿರುವುದೇ: ಶುರುವಿನಲ್ಲಿ ತಂತಿ ನೋಡಿ, ಕೆಳಗಿದ್ದರೆ ಒಂಬತ್ತು ಗಡಿಯಾರ ಪಲ್ಸ್ ಕೊಟ್ಟು ಬಿಡಿಸಿಕೊಳ್ಳಬೇಕು. ಆದರೆ ಸಿಮ್ಯುಲೇಟರ್‌ನ ರೀಸೆಟ್ ಬಟನ್ ಸಾಮಾನ್ಯವಾಗಿ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ, ಸ್ಲೇವ್ ಸಮೇತ. ಹಾಗಾಗಿ ಈ ಮದ್ದನ್ನು ಪರೀಕ್ಷಿಸುವ ಅವಕಾಶವೇ ಇಲ್ಲ. ದಯವಿಟ್ಟು ಎರಡು ಬಟನ್ ಇಡಿ. ಒಂದು ಪವರ್, ಒಂದು ಚಿಪ್‌ನ ರೀಸೆಟ್ ಮಾತ್ರ.

ಮಾದರಿ ಸರಿ ಇದೆ ಅಂತ ತಿಳಿಯುವುದು ಹೇಗೆ? ಒಂದೇ ಹೆಕ್ಸ್ ಫೈಲನ್ನು ಬೋರ್ಡ್ ಮೇಲೂ, ಸಿಮ್ಯುಲೇಟರ್‌ನಲ್ಲೂ ಓಡಿಸಿ. ಎಂಟು ಚಾನೆಲ್‌ನ ಅಗ್ಗದ ಲಾಜಿಕ್ ಅನಲೈಸರ್ ಬೋರ್ಡ್‌ಗೆ ಹಾಕಿ. ಸಿಮ್‌ಎವಿಆರ್ ಪಿನ್‌ಗಳ ಏರಿಳಿತವನ್ನು ವಿಸಿಡಿ ಫೈಲಿಗೆ ಬರೆಯುತ್ತದೆ, ಅದನ್ನು ಜಿಟಿಕೆವೇವ್‌ನಲ್ಲಿ ತೆರೆಯಿರಿ. ಎರಡು ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲ ಸರಿ ಇರುವ ಕೋಡ್ ಮಾತ್ರ ಓಡಿಸಬೇಡಿ. ತಪ್ಪು ಬಾಡ್, ತಪ್ಪು ವಿಳಾಸ, ತಡವಾಗಿ ಓದುವುದು, ಬೇಗ ಡಿಇ ಇಳಿಸುವುದು, ಇಂಥವನ್ನೇ ಬೇಕಂತ ಬರೆದು ಓಡಿಸಿ. ಎರಡೂ ಕಡೆ ಒಂದೇ ತರ ಕೆಟ್ಟರೆ ಆ ಮಾದರಿಯನ್ನು ನಂಬಬಹುದು.

ಮಾತು ಮುಗಿದ ಮೇಲೆ ಚಾಕಣ್ ಕಡೆ ವಾಹನದ ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವವರೊಬ್ಬರು ಕೇಳಿದರು: “ಸರ್, ನಮ್ಮದು ಪೂರ್ತಿ ಕ್ಯಾನ್ ಬಸ್, ಗಾಡಿಯ ಕಂಟ್ರೋಲರ್‌ಗಳು ಪರಸ್ಪರ ಮಾತಾಡೋ ತಂತಿ. ಲಿನಕ್ಸ್‌ನ ವಿ-ಕ್ಯಾನ್ ಅನ್ನೋ ಸಾಫ್ಟ್‌ವೇರ್ ಬಸ್ಸಿನಲ್ಲಿ ಟೆಸ್ಟ್ ಮಾಡ್ತೀವಿ. ಅದು ಸಾಕಲ್ವಾ?”

ಮೇಲಿನ ಪದರದ ಮೆಸೇಜ್ ಪರೀಕ್ಷೆಗೆ ಸಾಕು ಅಂದೆ. ಬಸ್ಸಿನ ಪರೀಕ್ಷೆಗೆ ಸಾಲದು. ಬಾಷ್ ಕಂಪನಿ 1986ರಲ್ಲಿ ಕ್ಯಾನ್ ಅನ್ನು ಮೊದಲು ತೋರಿಸಿದಾಗಿನಿಂದ ಅದರ ಜೀವಾಳ ಇರುವುದು ತಪ್ಪು ಹಿಡಿಯುವುದರಲ್ಲಿ. ಫ್ರೇಮ್ ಕಳಿಸಿದವನಿಗೆ ಬಸ್ಸಿನಲ್ಲಿ ಕನಿಷ್ಠ ಇನ್ನೊಬ್ಬರು ಆಕ್ ಕೊಡಲೇಬೇಕು. ವಿ-ಕ್ಯಾನ್‌ನಲ್ಲಿ ಕೇಳುವವರು ಯಾರೂ ಇಲ್ಲದಿದ್ದರೂ ಕಳಿಸಿದ್ದು ಯಶಸ್ವಿ. ನಿಜವಾದ ಬಸ್ಸಿನಲ್ಲಿ ಒಂಟಿ ನೋಡ್ (ಬಸ್ಸಿಗೆ ಜೋಡಿಸಿದ ಸಾಧನ) ಕಳಿಸಿದರೆ ಆಕ್ ಸಿಗುವುದಿಲ್ಲ. ಪ್ರತಿ ಸಲ ಎರರ್ ಕೌಂಟರ್ 8 ಏರುತ್ತದೆ. 128 ಮುಟ್ಟಿದಾಗ ಎರರ್ ಪ್ಯಾಸಿವ್ ಆಗುತ್ತದೆ. ಅಲ್ಲಿಂದ ಮುಂದೆ ಆಕ್ ಇಲ್ಲದ ಕಾರಣಕ್ಕೆ ಕೌಂಟರ್ ಏರುವುದಿಲ್ಲ, ಹಾಗಾಗಿ ಬಸ್ ಆಫ್ ಆಗದೆ, ಅಂದರೆ ಬಸ್ಸಿನಿಂದ ಹೊರಬೀಳದೆ, ಅದೇ ಫ್ರೇಮನ್ನು ಕಳಿಸುತ್ತಲೇ ಇರುತ್ತದೆ. ನಿಮ್ಮ ಕೋಡ್‌ನ ಕಳಿಸುವ ಸಾಲು ತುಂಬಿಕೊಂಡಾಗ ಏನು ಮಾಡುತ್ತದೆ ಅನ್ನುವುದು ವಿ-ಕ್ಯಾನ್‌ನಲ್ಲಿ ಎಂದೂ ಗೊತ್ತಾಗುವುದಿಲ್ಲ.

ಅವರಿಗೆ ಹೇಳಿದ್ದು ಇಷ್ಟೇ. ಬಿಟ್ ಸ್ಟಫಿಂಗ್, ಸ್ಯಾಂಪಲ್ ಪಾಯಿಂಟ್ ಎಲ್ಲ ಆಮೇಲೆ ನೋಡಿಕೊಳ್ಳಿ. ನಿಮ್ಮ ಕಂಟ್ರೋಲರ್ ಮಾದರಿಯಲ್ಲಿ ಮೊದಲು ಒಂದು ಪರೀಕ್ಷೆ ಸೇರಿಸಿ: ಬಸ್ಸಿನಲ್ಲಿ ಬೇರೆ ನೋಡ್ ಇದೆಯೇ? ಇಲ್ಲದಿದ್ದರೆ ಆಕ್ ಎರರ್ ಕೊಡಿ, ಕೌಂಟರ್ ಏರಿಸಿ, ಮತ್ತೆ ಕಳಿಸಿ. ಆಮೇಲೆ ವಾಹನದ ಕನೆಕ್ಟರ್ ಕಿತ್ತ ಹಾಗೆ ಎರಡನೇ ನೋಡ್ ಅನ್ನು ಸಿಮ್ಯುಲೇಷನ್ ನಡುವೆಯೇ ತೆಗೆದು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ.